ಕಿರಿದಾಗಿಸುವ ಕೈ: ಗೊಂಬೆಮನೆಯ ಕಿರುವಸ್ತುಗಳು ಮತ್ತು ಕುಶಲಕರ್ಮಿಯ ತಿಳಿವಳಿಕೆ

1. ಪ್ರವೇಶ

ಗೊಂಬೆ, ಗೊಂಬೆಮನೆ, ಆಟದ ಪಾತ್ರೆಗಳು ಮುಂತಾದವುಗಳನ್ನು ಕುರಿತ ಬರವಣಿಗೆಯಲ್ಲಿ ಎರಡು ದೃಷ್ಟಿಗಳು ಮುಖ್ಯವಾಗಿ ಕಾಣಿಸಿಕೊಳ್ಳುತ್ತವೆ. ಮೊದಲನೆಯದು ಇವುಗಳನ್ನು ಮಗುವಿನ ಆಟದ ಸಾಧನಗಳೆಂದು ನೋಡುತ್ತದೆ. ಎರಡನೆಯದು ಸಂಗ್ರಾಹಕರ ಅಭಿರುಚಿಯ ಗುರುತುಗಳೆಂದು ಭಾವಿಸುತ್ತದೆ. ಆಡುವ ಕೈ ಮತ್ತು ಕೊಳ್ಳುವ ಕೈ ಎರಡೂ ಹೀಗೆ ಚರ್ಚೆಗೆ ಬಂದಿವೆ. ಇವೆರಡಕ್ಕೂ ಮೊದಲೇ ಇರುವ ಮಾಡುವ ಕೈ ಮಾತ್ರ ಚರ್ಚೆಯ ಅಂಚಿನಲ್ಲಿ ಉಳಿದಿದೆ. ಕಿರುವಸ್ತುವನ್ನು ದೊಡ್ಡ ವಸ್ತುವಿನ ನಕಲೆಂದು ಭಾವಿಸುವ ರೂಢಿ ಇದಕ್ಕೆ ಒಂದು ಕಾರಣ. ನಕಲು ಮಾಡುವವನಿಗೆ ಕೈಚಳಕ ಸಾಕು, ಸ್ವಂತ ವಿಚಾರ ಬೇಕಿಲ್ಲ ಎಂಬ ಗ್ರಹಿಕೆ ಈ ರೂಢಿಯ ಹಿಂದೆ ಅಡಗಿದೆ.

ಪ್ರಸ್ತುತ ಲೇಖನವು ಈ ಗ್ರಹಿಕೆಯನ್ನು ಪರಿಶೀಲಿಸುತ್ತದೆ. ವಸ್ತುವೊಂದನ್ನು ಕಿರಿದಾಗಿಸುವುದೆಂದರೆ ಅದರ ಯಾವ ಅಂಶವನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸುವುದು. ಈ ಆಯ್ಕೆಯೇ ಕುಶಲಕರ್ಮಿಯ ಕರ್ತೃತ್ವ ಎಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ. ಇದಕ್ಕೆ ಆಧಾರವಾಗಿ ಚನ್ನಪಟ್ಟಣದ ಅರಗಿನ ಆಟಿಕೆ ಮತ್ತು ಕಿನ್ನಾಳದ ಚಿತ್ರಗಾರರ ಗೊಂಬೆ ಎಂಬ ಎರಡು ಕಸುಬುಗಳನ್ನು ಆರಿಸಿಕೊಳ್ಳಲಾಗಿದೆ. ಐರೋಪ್ಯ ಗೊಂಬೆಮನೆಯ ಪರಂಪರೆಯನ್ನು ಹೋಲಿಕೆಗೆ ಬೇಕಾದಷ್ಟು ಮಾತ್ರ ಬಳಸಲಾಗಿದೆ. 'ಕಿರುವಸ್ತು' ಎಂಬ ಪದವನ್ನು ಬಳಕೆಯ ವಸ್ತುವೊಂದರ ಸಣ್ಣ ಆಕಾರದ ಪ್ರತಿರೂಪ ಎಂಬ ಅರ್ಥದಲ್ಲಿ ಇಲ್ಲಿ ಗ್ರಹಿಸಬೇಕು.

2. ಗೊಂಬೆಮನೆಯ ಐರೋಪ್ಯ ಮಾದರಿ

ಗೊಂಬೆಮನೆ ಎಂದು ಇಂದು ಕರೆಯಲಾಗುವ ವಸ್ತು ಯುರೋಪಿನಲ್ಲಿ ಆರಂಭದಲ್ಲಿ ಮಕ್ಕಳ ಆಟಿಕೆಯಾಗಿರಲಿಲ್ಲ. ಬವೇರಿಯಾದ ದೊರೆ ಐದನೆಯ ಆಲ್ಬ್ರೆಕ್ಟ್ 1557-58ರಲ್ಲಿ ಮಾಡಿಸಿದ ಮನೆಯನ್ನು ಈ ಪರಂಪರೆಯ ಮೊದಲ ದಾಖಲಿತ ಉದಾಹರಣೆಗಳಲ್ಲಿ ಒಂದೆಂದು ಪರಿಗಣಿಸಲಾಗಿದೆ. ಆ ಮನೆ ಉಳಿದಿಲ್ಲ. ಅದರ ವಿವರಗಳು 1598ರ ಒಂದು ವಸ್ತುಪಟ್ಟಿಯಿಂದ ತಿಳಿದುಬರುತ್ತವೆ. ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಆಮ್‌ಸ್ಟರ್‌ಡ್ಯಾಮಿನ ಶ್ರೀಮಂತ ವರ್ತಕ ಕುಟುಂಬಗಳ ಮಹಿಳೆಯರು ಇಂತಹ ಮನೆಗಳನ್ನು ಮಾಡಿಸತೊಡಗಿದರು. ಪೆಟ್ರೋನೆಲ್ಲಾ ಊರ್ಟ್‌ಮನ್ ಸುಮಾರು 1686ರಿಂದ 1710ರವರೆಗೆ ಮಾಡಿಸಿದ ಮನೆ ಇಂದು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಮ್ಮಿನಲ್ಲಿದೆ. ಇದಕ್ಕೆ 20ರಿಂದ 30 ಸಾವಿರ ಗಿಲ್ಡರ್ ವೆಚ್ಚವಾಗಿತ್ತೆಂದು ಅಂದಾಜಿಸಲಾಗಿದೆ. ಆ ಹಣದಲ್ಲಿ ಅಂದು ಕಾಲುವೆಯ ದಂಡೆಯ ಮೇಲೆ ನಿಜವಾದ ಮನೆಯನ್ನೇ ಕೊಳ್ಳಬಹುದಾಗಿತ್ತು. ಅದರೊಳಗಿನ ಪಿಂಗಾಣಿಯ ಪುಟ್ಟ ಪಾತ್ರೆಗಳು ಚೀನಾದಿಂದ ಮಾಡಿಸಿ ತರಿಸಿದಂತಹವು.

ಇಪ್ಪತ್ತನೆಯ ಶತಮಾನದ ಪ್ರಸಿದ್ಧ ಉದಾಹರಣೆಯೆಂದರೆ ಬ್ರಿಟನ್ನಿನ ರಾಣಿ ಮೇರಿಗಾಗಿ 1921ರಿಂದ 1924ರವರೆಗೆ ನಿರ್ಮಿಸಿದ ಗೊಂಬೆಮನೆ. ನವದೆಹಲಿಯ ನಿರ್ಮಾಣದಿಂದ ಭಾರತೀಯರಿಗೆ ಪರಿಚಿತನಾದ ಎಡ್ವಿನ್ ಲುಟ್ಯೆನ್ಸ್ ಇದರ ವಾಸ್ತುಶಿಲ್ಪಿ. ಸುಮಾರು 1500 ಕಲಾವಿದರು, ಕುಶಲಕರ್ಮಿಗಳು ಮತ್ತು ತಯಾರಕರು ಇದರಲ್ಲಿ ಪಾಲ್ಗೊಂಡರು. ಇಲ್ಲಿ ನಲ್ಲಿಯಲ್ಲಿ ನೀರು ಹರಿಯುತ್ತದೆ, ವಿದ್ಯುದ್ದೀಪ ಉರಿಯುತ್ತದೆ. ಗ್ರಂಥಾಲಯದ ಪುಟ್ಟ ಪುಸ್ತಕಗಳಲ್ಲಿ ಆರ್ಥರ್ ಕಾನನ್ ಡಾಯ್ಲ್‌ನಂತಹ ಲೇಖಕರು ತಮ್ಮ ಕೈಯಾರೆ ಬರೆದವೂ ಇವೆ. ಈ ಮನೆ 1:12ರ ಪ್ರಮಾಣದಲ್ಲಿದೆ; ಅಂದರೆ ನಿಜವಾದ ಮನೆಯ ಒಂದು ಅಡಿ ಇಲ್ಲಿ ಒಂದು ಅಂಗುಲವಾಗಿದೆ. ಅಮೆರಿಕದ ನಾರ್ಸಿಸ್ಸಾ ಥಾರ್ನ್ 1932ರಿಂದ 1940ರವರೆಗೆ ಮಾಡಿಸಿದ, ಈಗ ಶಿಕಾಗೋದ ಕಲಾಸಂಸ್ಥೆಯಲ್ಲಿರುವ 68 ಕಿರುಕೋಣೆಗಳದ್ದೂ ಇದೇ ಪ್ರಮಾಣ.

ಈ ಉದಾಹರಣೆಗಳಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಮೊದಲನೆಯದಾಗಿ, ಇಲ್ಲಿನ ಆದರ್ಶ ನಿಖರತೆ. ಮನೆಯೊಳಗಿನ ಪ್ರತಿಯೊಂದು ವಸ್ತುವೂ ಒಂದೇ ಪ್ರಮಾಣದಲ್ಲಿ ಕುಗ್ಗಬೇಕೆಂಬ ಕಟ್ಟುಪಾಡು ಕ್ರಮೇಣ ಬಲಗೊಂಡಿದೆ. ಎರಡನೆಯದಾಗಿ, ಈ ಮನೆಗಳೆಲ್ಲವೂ ಮಾಡಿಸಿದವರ ಹೆಸರಿನಿಂದಲೇ ಪ್ರಸಿದ್ಧವಾಗಿವೆ. ದೊರೆ, ವರ್ತಕನ ಮಡದಿ, ರಾಣಿ, ಸಿರಿವಂತ ಮಹಿಳೆ ಇವರ ಹೆಸರುಗಳು ವಸ್ತುವಿಗೆ ಅಂಟಿಕೊಂಡಿವೆ. ಬೆರಳುದ್ದದ ಕುರ್ಚಿಗೆ ಕಾಲು ಕೂಡಿಸಿದವನ ಹೆಸರು ಪ್ರಸಿದ್ಧಿಗೆ ಬರುವುದು ವಿರಳ. ಕಿರುವಸ್ತುವಿನ ಚರಿತ್ರೆಯಲ್ಲಿ ಒಡೆತನ ಮತ್ತು ಕರ್ತೃತ್ವಗಳು ಹೀಗೆ ಒಂದರೊಳಗೊಂದು ಬೆರೆತುಹೋಗಿವೆ.

3. ಕನ್ನಡ ನಾಡಿನ ಸಂದರ್ಭಗಳು: ಆಟ, ಹಬ್ಬ, ಹರಕೆ

ನಾಲ್ಕು ಗೋಡೆಗಳ, ಮುಚ್ಚಿದ ಗೊಂಬೆಮನೆ ಕನ್ನಡ ನಾಡಿನ ರೂಢಿಯಲ್ಲ. ಆದರೆ ಮನೆಯ ಒಳಬಾಳನ್ನು ಕಿರಿದಾಗಿಸಿ ನೋಡುವ ಬಯಕೆ ಇಲ್ಲಿಯೂ ಹಳೆಯದೇ. ಅದು ಮೂರು ಬೇರೆ ಬೇರೆ ಸಂದರ್ಭಗಳಲ್ಲಿ ವ್ಯಕ್ತವಾಗಿದೆ.

ಮೊದಲನೆಯದು ಮಕ್ಕಳ ಅಡುಗೆಯಾಟ. ಮರ, ಮಣ್ಣು, ಕಲ್ಲು, ಹಿತ್ತಾಳೆಗಳಲ್ಲಿ ಮಾಡಿದ ಒಲೆ, ಒರಳು, ಬೀಸುಕಲ್ಲು, ಕೊಡ, ಸೌಟು, ಲಟ್ಟಣಿಗೆಗಳ ಗುಂಪು ಇದಕ್ಕೆ ಒದಗುತ್ತದೆ. ಎರಡನೆಯದು ಹಳೆಯ ಮೈಸೂರು ಪ್ರಾಂತದ ದಸರೆಯ ಗೊಂಬೆ ಹಬ್ಬ. ಮೆಟ್ಟಿಲುಗಳ ಮೇಲುಗಡೆ ಪಟ್ಟದ ಗೊಂಬೆಗಳಾದ ರಾಜ-ರಾಣಿಯರು, ಕೆಳಗೆ ದೇವರು, ಮೆರವಣಿಗೆ, ಮದುವೆಯ ದಿಬ್ಬಣ, ಶೆಟ್ಟಿ-ಶೆಟ್ಟಮ್ಮನ ದಿನಸಿ ಅಂಗಡಿ, ಅದರ ಮುಂದೆ ಪುಟ್ಟ ತಕ್ಕಡಿ ಮತ್ತು ಅಕ್ಕಿ-ಬೇಳೆಯ ರಾಶಿ. ಮೈಸೂರು ಅರಮನೆಯ 'ಗೊಂಬೆ ತೊಟ್ಟಿ' ಎಂಬ ಹೆಸರು ಈ ಆಚರಣೆಗೆ ಅರಸು ಮನೆತನದಲ್ಲಿದ್ದ ಸ್ಥಾನವನ್ನು ಸೂಚಿಸುತ್ತದೆ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನವು ನಡೆಸಿಕೊಂಡು ಬಂದಿರುವ ಗೊಂಬೆಗಳ ಪ್ರದರ್ಶನಕ್ಕೆ 'ಬೊಂಬೆ ಮನೆ' ಎಂದೇ ಹೆಸರಿಟ್ಟಿರುವುದನ್ನೂ ಇಲ್ಲಿ ನೆನೆಯಬಹುದು.

ಮೂರನೆಯದು ಹರಕೆ. ಮಕ್ಕಳಿಲ್ಲದವರು ಪುಟ್ಟ ತೊಟ್ಟಿಲನ್ನು ಒಪ್ಪಿಸುವ ಪದ್ಧತಿ ನಾಡಿನ ಹಲವು ಕ್ಷೇತ್ರಗಳಲ್ಲಿದೆ. ದಕ್ಷಿಣ ಕನ್ನಡ ಜಿಲ್ಲೆಯ ಉಜಿರೆಯ ಸಮೀಪದಲ್ಲಿರುವ ಸುರ್ಯದ ಸದಾಶಿವ ರುದ್ರ ದೇವಾಲಯದಲ್ಲಿ ಭಕ್ತರು ಬಯಸಿದ ವಸ್ತುವಿನ ಮಣ್ಣಿನ ಪ್ರತಿರೂಪವನ್ನು ಅರ್ಪಿಸುತ್ತಾರೆ. ಮನೆಯಾಗಬೇಕೆಂದು ಹರಸಿಕೊಂಡವರು ಅಂಗೈ ಮೇಲೆ ನಿಲ್ಲುವ ಮಣ್ಣಿನ ಮನೆಯನ್ನು ಒಪ್ಪಿಸುತ್ತಾರೆ. ಆ ಮಣ್ಣಿನ ಹರಕೆಗಳು ಬನದಲ್ಲಿ ರಾಶಿಯಾಗಿ ಉಳಿಯುತ್ತವೆ.

ಈ ಮೂರು ಸಂದರ್ಭಗಳು ಕಿರುವಸ್ತುವಿನಿಂದ ಬೇಡುವುದು ಬೇರೆ ಬೇರೆ. ಆಟದ ಒರಳು ಮಗುವಿನ ಹಿಡಿತವನ್ನು ತಾಳಬೇಕು. ಹಬ್ಬದ ಗೊಂಬೆ ದೂರದಿಂದ ನೋಡಿದರೂ ಗುರುತಾಗಬೇಕು, ವರ್ಷವಿಡೀ ಪೆಟ್ಟಿಗೆಯಲ್ಲಿದ್ದು ಮರುವರ್ಷ ಹೊರಬರಬೇಕು. ಹರಕೆಯ ಮನೆಗೆ ಬಾಗಿಲು, ಮಾಡು ಇದ್ದರೆ ಸಾಕು. ಅದು ಮನೆಯ ಚಿತ್ರವಾಗುವುದಕ್ಕಿಂತ ಮನೆಯ ಹೆಸರಾಗಿ ನಿಲ್ಲುತ್ತದೆ. ಆದ್ದರಿಂದ ಒಂದೇ ಮನೆಯನ್ನು ಕಿರಿದಾಗಿಸುವ ಮೂವರು ಕುಶಲಕರ್ಮಿಗಳು ಮೂರು ಬಗೆಯ ಮನೆಗಳನ್ನು ಮಾಡುತ್ತಾರೆ.

ವಸ್ತುವಿನ ದ್ರವ್ಯಕ್ಕೂ ಅದರ ಸಾಮಾಜಿಕ ಅರ್ಥಕ್ಕೂ ಇರುವ ನಂಟನ್ನು ಸಾಹಿತ್ಯವು ಬಹಳ ಹಿಂದೆಯೇ ಗುರುತಿಸಿದೆ. ಶೂದ್ರಕನ 'ಮೃಚ್ಛಕಟಿಕ' ನಾಟಕಕ್ಕೆ ಹೆಸರು ಬಂದಿರುವುದೇ ಒಂದು ಆಟಿಕೆಯಿಂದ. ನೆರೆಮನೆಯ ಹುಡುಗನ ಚಿನ್ನದ ಬಂಡಿಯನ್ನು ಕಂಡ ಚಾರುದತ್ತನ ಮಗ ರೋಹಸೇನನು ತನಗೆ ಕೊಟ್ಟ ಮಣ್ಣಿನ ಬಂಡಿಯನ್ನು ಒಲ್ಲೆನೆಂದು ಅಳುತ್ತಾನೆ. ವಸಂತಸೇನೆ ತನ್ನ ಒಡವೆಗಳನ್ನು ಆ ಬಂಡಿಯಲ್ಲಿ ತುಂಬುತ್ತಾಳೆ. ಎರಡು ಬಂಡಿಗಳ ನಡುವಿನ ಅಂತರ ಅಲ್ಲಿ ಎರಡು ಮನೆಗಳ ನಡುವಿನ ಅಂತರವಾಗಿದೆ.

4. ಚನ್ನಪಟ್ಟಣ: ಕಡೆತದ ಕಟ್ಟಳೆ

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಸುಮಾರು 60 ಕಿಲೋಮೀಟರ್ ದೂರದಲ್ಲಿರುವ ಚನ್ನಪಟ್ಟಣವು ಅರಗು ಲೇಪಿಸಿದ ಮರದ ಆಟಿಕೆಗಳಿಗೆ ಹೆಸರಾಗಿದೆ. ಟಿಪ್ಪು ಸುಲ್ತಾನನು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಈ ಕಸುಬಿಗೆ ಬೆಂಬಲವಿತ್ತನೆಂಬ ಹೇಳಿಕೆ ಪ್ರಚಲಿತವಾಗಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಅವರು ಜಪಾನಿನ ಗೊಂಬೆ ತಯಾರಿಕೆಯ ಕೆಲವು ಕ್ರಮಗಳನ್ನು ಇಲ್ಲಿಗೆ ಪರಿಚಯಿಸಿದರೆಂದೂ ಹೇಳಲಾಗುತ್ತದೆ. ಈ ಎರಡು ಹೇಳಿಕೆಗಳೂ ಕಸುಬು ತನ್ನ ಬಗ್ಗೆ ಹೇಳಿಕೊಳ್ಳುವ ಕಥನಗಳಾಗಿವೆ. ಹೊರಗಿನದನ್ನು ಪಡೆದು ತನ್ನದಾಗಿಸಿಕೊಂಡ ಚಹರೆ ಇವೆರಡರಲ್ಲೂ ಇರುವುದು ಗಮನಾರ್ಹ.

ಇಲ್ಲಿ ಸಾಂಪ್ರದಾಯಿಕವಾಗಿ ಬಳಕೆಯಾಗುವುದು ಆಲೆ ಮರ; ಹಾಲೆ ಎಂದೂ ಇದನ್ನು ಕರೆಯುತ್ತಾರೆ. ಇದು ತಿಳಿಬಣ್ಣದ, ಮೃದುವಾದ, ಒತ್ತಾದ ಎಳೆಗಳುಳ್ಳ ಮರ. ಈಚೆಗೆ ರಬ್ಬರ್ ಮರ ಮೊದಲಾದವುಗಳೂ ಸೇರಿಕೊಂಡಿವೆ. ಕಿರುವಸ್ತುವಿಗೆ ಒತ್ತೆಳೆಯ ಮರವೇ ಏಕೆ ಬೇಕೆಂಬುದು ವಿಚಾರಯೋಗ್ಯ. ವಸ್ತುವಿನ ಆಕಾರವನ್ನು ಕುಗ್ಗಿಸಬಹುದು, ಆದರೆ ಮರದ ಎಳೆಯನ್ನು ಕುಗ್ಗಿಸಲಾಗದು. ದೊಡ್ಡ ಕಂಬದಲ್ಲಿ ಸೊಗಸಾಗಿ ಕಾಣುವ ತೇಗದ ಅಗಲ ಗೆರೆ ಅಂಗುಲದ ಕಂಬದಲ್ಲಿ ಬಿರುಕಿನಂತೆ ಕಂಡೀತು. ಅಂಚು ಕೂಡ ನಾರುನಾರಾಗಿ ಒಡೆದೀತು. ಐರೋಪ್ಯ ಕುಶಲಕರ್ಮಿಗಳು ಇದೇ ಕಾರಣಕ್ಕೆ ಪೇರು, ಚೆರ್ರಿ ಮೊದಲಾದ ಒತ್ತೆಳೆಯ ಮರಗಳನ್ನು ಮೆಚ್ಚಿದ್ದಾರೆ. ಕಿರಿದಾಗಿಸುವ ಮೊದಲ ಆಯ್ಕೆ ಹೀಗೆ ಮರದಿಂದಲೇ ಆರಂಭವಾಗುತ್ತದೆ.

ಒಣಗಿಸಿದ ಮರವನ್ನು ತುಂಡರಿಸಿ ಲೇತಿಗೆ ಸಿಕ್ಕಿಸಿ, ತಿರುಗುತ್ತಿರುವಾಗ ಉಳಿಯಿಂದ ಕಡೆಯಲಾಗುತ್ತದೆ. ಆಕಾರ ಬಂದ ಬಳಿಕ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕೊನೆಗೆ ಕೇದಗೆ ಜಾತಿಯ ಗಿಡದ ಒಣಗಿದ ಗರಿಯಿಂದ ಒತ್ತಿ ಉಜ್ಜಿದಾಗ ಬಣ್ಣ ಸಮನಾಗಿ ಹರಡಿ ಹೊಳಪು ಬರುತ್ತದೆ. ಇಲ್ಲಿ ಕುಂಚವಿಲ್ಲ. ಬಣ್ಣ ಬಳಿಯುವುದೂ ಹೊಳಪು ಕೊಡುವುದೂ ತಿರುಗುವಿಕೆಯಿಂದಲೇ ಆಗುವ ಕೆಲಸಗಳು.

ವಸ್ತು ಕಿರಿದಾದಂತೆ ಈ ಕ್ರಿಯೆ ಸುಲಭವಾಗುವುದೆಂಬ ಊಹೆ ಸರಿಯಲ್ಲ. ಲೇತು ಒಂದೇ ವೇಗದಲ್ಲಿ ತಿರುಗುತ್ತಿದ್ದರೆ, 5 ಸೆಂಟಿಮೀಟರ್ ದಪ್ಪದ ಮರದ ಮೈ ಕ್ರಮಿಸುವ ದೂರದ ಐದರಲ್ಲಿ ಒಂದು ಪಾಲನ್ನು ಮಾತ್ರ 1 ಸೆಂಟಿಮೀಟರ್ ದಪ್ಪದ ಮರದ ಮೈ ಕ್ರಮಿಸುತ್ತದೆ. ಉಜ್ಜುವಿಕೆ ಕಡಿಮೆಯಾದರೆ ಬಿಸಿಯೂ ಕಡಿಮೆ. ಅರಗು ಸರಿಯಾಗಿ ಕರಗದು. ಆಗ ವೇಗವನ್ನಾದರೂ ಒತ್ತಡವನ್ನಾದರೂ ಹೆಚ್ಚಿಸಬೇಕು. ಒತ್ತಡ ಹೆಚ್ಚಾದರೆ ತೆಳುವಾದ ಕುತ್ತಿಗೆ ಮುರಿಯುತ್ತದೆ. ಲೇಪ ದಪ್ಪವಾದರೆ ಕೊಡದ ಕಂಠದಲ್ಲಿ ಕಡೆದ ಸಣ್ಣ ಗೆರೆ ಮುಚ್ಚಿಹೋಗುತ್ತದೆ. ಎಷ್ಟು ಬಿಸಿ, ಎಷ್ಟು ಒತ್ತು, ಎಷ್ಟು ಹೊತ್ತು ಎಂಬ ತೀರ್ಮಾನವನ್ನು ಕೈಯೇ ಮಾಡಬೇಕು. ಒಂದೇ ಉದ್ದನೆಯ ಕೋಲಿನಲ್ಲಿ ಹಲವು ಪುಟ್ಟ ಆಕಾರಗಳನ್ನು ಸಾಲಾಗಿ ಕಡೆದು, ಬಣ್ಣ ಹಚ್ಚಿ, ಒಂದೊಂದಾಗಿ ಕತ್ತರಿಸಿ ತೆಗೆಯುವ ಕ್ರಮ ಕಡೆತದ ಕೆಲಸದಲ್ಲಿದೆ. ಸಣ್ಣ ವಸ್ತುವನ್ನು ಹಿಡಿಯುವ ಕಷ್ಟಕ್ಕೆ ಕಂಡುಕೊಂಡ ಜಾಣ ಪರಿಹಾರವಿದು.

ಇದಕ್ಕಿಂತ ಮುಖ್ಯವಾದ ಸಂಗತಿ ಲೇತು ವಿಧಿಸುವ ಕಟ್ಟಳೆ. ತಿರುಗುವ ಮರದಿಂದ ದುಂಡು ಆಕಾರ ಮಾತ್ರ ಹುಟ್ಟುತ್ತದೆ. ಕೊಡ, ಕುಡಿಕೆ, ಒರಳು, ಒನಕೆ, ಬೀಸುಕಲ್ಲು, ಕಡಗೋಲು, ಲಟ್ಟಣಿಗೆ, ಸೇರು, ಪಾವು, ತೊಟ್ಟಿಲ ಕಂಬ ಇವೆಲ್ಲ ಲೇತಿಗೆ ಒಗ್ಗುತ್ತವೆ. ಮೊರ, ಈಳಿಗೆಮಣೆ, ಬುಟ್ಟಿಗಳು ಒಗ್ಗುವುದಿಲ್ಲ. ಹೀಗಾಗಿ ಕಡೆತದ ಕಸುಬು ಅಡುಗೆಮನೆಯನ್ನು ಕಿರಿದಾಗಿಸಲು ಹೊರಟಾಗ ಒಂದು ವಿಶಿಷ್ಟ ಅಡುಗೆಮನೆಯನ್ನು ಕಟ್ಟುತ್ತದೆ. ಅಲ್ಲಿ ದುಂಡು ವಸ್ತುಗಳಿಗೆ ಆದ್ಯತೆ. ಚಪ್ಪಟೆ ಅಥವಾ ಹೆಣೆದ ವಸ್ತುಗಳು ಬೇರೆ ಕಸುಬಿನಿಂದ ಬರಬೇಕು, ಇಲ್ಲವೇ ಬಿಟ್ಟುಹೋಗಬೇಕು. ಮನುಷ್ಯನ ಆಕೃತಿಗೂ ಇದೇ ನಿಯಮ. ಚನ್ನಪಟ್ಟಣದ ಗೊಂಬೆಯಲ್ಲಿ ತಲೆಯೊಂದು ಗುಂಡು, ಮೈಯೊಂದು ಶಂಕು ಅಥವಾ ಕೊಳವೆ. ಕೈಕಾಲುಗಳ ಬಾಗು-ಬಳುಕುಗಳನ್ನು ಬಿಟ್ಟುಕೊಟ್ಟು ಬಣ್ಣದ ಪಟ್ಟಿಗಳಿಂದ ಸೀರೆ, ಪೇಟ, ಪಂಚೆಗಳನ್ನು ಅದು ಸೂಚಿಸುತ್ತದೆ. ಈ ಸರಳತೆಯನ್ನು ಕೊರತೆಯೆಂದು ಭಾವಿಸುವುದಕ್ಕಿಂತ ಉಪಕರಣದ ಮಿತಿಯೊಳಗೆ ಕಂಡುಕೊಂಡ ರೂಪಭಾಷೆಯೆಂದು ಗ್ರಹಿಸುವುದು ಯುಕ್ತ.

5. ಕಿನ್ನಾಳ: ಕೂಡಿಸಿ ಕಟ್ಟುವ ಕ್ರಮ

ಕೊಪ್ಪಳ ಜಿಲ್ಲೆಯ ಕಿನ್ನಾಳದ ಕಸುಬು ಇದಕ್ಕೆ ವಿರುದ್ಧವಾದ ದಾರಿಯಲ್ಲಿ ನಡೆದಿದೆ. ಇಲ್ಲಿನ ಕುಶಲಕರ್ಮಿಗಳು ಚಿತ್ರಗಾರ ಸಮುದಾಯದವರು. ಹಂಪಿಯ ವಿರೂಪಾಕ್ಷ ದೇವಾಲಯದ ಭಿತ್ತಿಚಿತ್ರಗಳನ್ನು ಬರೆದವರು ತಮ್ಮ ಪೂರ್ವಿಕರೆಂಬ ನೆನಪು ಈ ಸಮುದಾಯದಲ್ಲಿದೆ. ಚನ್ನಪಟ್ಟಣದಲ್ಲಿ ಮರವನ್ನು ಕಡೆದು ತೆಗೆಯುತ್ತಾ ಹೋದರೆ ಆಕಾರ ದೊರೆಯುತ್ತದೆ. ಕಿನ್ನಾಳದಲ್ಲಿ ಹಗುರವಾದ ಮರದ ಬಿಡಿ ಭಾಗಗಳನ್ನು ಕೂಡಿಸುತ್ತಾ, ಮೇಲೆ ಮೆತ್ತುತ್ತಾ ಹೋದರೆ ಆಕಾರ ದೊರೆಯುತ್ತದೆ.

ಭಾಗಗಳನ್ನು ಅಂಟಿಸಲು ಹುಣಸೆಬೀಜದ ಅಂಟು ಬಳಕೆಯಾಗುತ್ತದೆ. ಸೆಣಬಿನ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿಯಾಗಿಸಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನೊಂದಿಗೆ ಅರೆದು 'ಕಿಟ್ಟ' ಎಂಬ ಮೆತ್ತನೆಯ ಹದವನ್ನು ಸಿದ್ಧಪಡಿಸುತ್ತಾರೆ. ಮುಖದ ಉಬ್ಬು, ಬೆರಳು, ಬಟ್ಟೆಯ ಮಡಿಕೆ ಮೊದಲಾದವು ಇದರಿಂದ ಮೂಡುತ್ತವೆ. ನುಣ್ಣನೆಯ ಕಲ್ಲುಪುಡಿಯನ್ನು ಅಂಟಿನೊಂದಿಗೆ ಕಲಸಿ ಒಡವೆಗಳ ಉಬ್ಬು ಕೆಲಸ ಮಾಡುತ್ತಾರೆ. ಅನಂತರ ಬಟ್ಟೆಯ ತುಣುಕುಗಳನ್ನು ಅಂಟಿಸಿ, ಬಿಳಿಯ ಲೇಪ ಕೊಟ್ಟು, ಅದರ ಮೇಲೆ ಕುಂಚದಿಂದ ಬಣ್ಣ ತುಂಬುತ್ತಾರೆ.

ಗೌರಿ, ಗರುಡ ಮೊದಲಾದ ಮೂರ್ತಿಗಳ ಜೊತೆಗೆ ಪ್ರಾಣಿ-ಪಕ್ಷಿ, ಹಣ್ಣು-ತರಕಾರಿ, ವೃತ್ತಿನಿರತ ಜನರ ಗೊಂಬೆಗಳನ್ನು ಕಿನ್ನಾಳದವರು ಮಾಡುತ್ತ ಬಂದಿದ್ದಾರೆ. ಕಡೆತಕ್ಕೆ ಒಗ್ಗದ ಬಾಗು, ತಿರುವು, ಮುಖಭಾವಗಳು ಇಲ್ಲಿ ಸಾಧ್ಯವಾಗಿವೆ. ಆದರೆ ಇಲ್ಲಿಯೂ ಮಿತಿಯಿದೆ. ಚಿಂದಿ, ಹೊಟ್ಟುಗಳ ಕಣವನ್ನು ಎಷ್ಟು ಸಣ್ಣಗೆ ಅರೆದರೂ ಅದಕ್ಕೊಂದು ಗಾತ್ರವಿದ್ದೇ ಇರುತ್ತದೆ. ಆ ಕಣಕ್ಕಿಂತ ಸಣ್ಣದಾದ ವಿವರವನ್ನು ಹದದಿಂದ ಮೂಡಿಸಲಾಗದು. ಅದನ್ನು ಕುಂಚಕ್ಕೆ ಬಿಡಬೇಕು. ಯಾವ ವಿವರ ಉಬ್ಬಾಗಬೇಕು, ಯಾವುದು ಗೆರೆಯಾಗಬೇಕು ಎಂಬ ಈ ಹಂಚಿಕೆಯಲ್ಲಿಯೇ ಚಿತ್ರಗಾರನ ತಿಳಿವಳಿಕೆ ವ್ಯಕ್ತವಾಗುತ್ತದೆ.

6. ಅಳತೆಯ ಪ್ರಶ್ನೆ

ಐರೋಪ್ಯ ಗೊಂಬೆಮನೆಯ 1:12ರ ಪ್ರಮಾಣವನ್ನು ಮಾನದಂಡವಾಗಿಟ್ಟುಕೊಂಡು ನೋಡಿದರೆ ದಸರೆಯ ಗೊಂಬೆಗಳ ಜೋಡಣೆ ಅಳತೆಗೆಟ್ಟದ್ದೆಂದು ತೋರಬಹುದು. ಅಲ್ಲಿ ಆನೆಗಿಂತ ಶೆಟ್ಟಿ ದೊಡ್ಡವನಾಗಿರಬಹುದು, ಅಂಗಡಿಯ ತಕ್ಕಡಿ ಅರಮನೆಯ ಬಾಗಿಲಿನಷ್ಟಿರಬಹುದು. ಆದರೆ ಈ ಜೋಡಣೆ ಬೇರೊಂದು ಕ್ರಮವನ್ನು ಅನುಸರಿಸುತ್ತದೆ. ಎತ್ತರದ ಮೆಟ್ಟಿಲು ಹಿರಿಮೆಯನ್ನು ಹೇಳುತ್ತದೆ. ಗಾತ್ರವು ಆ ವಸ್ತುವಿನ ಕಡೆಗೆ ನೋಡುಗನ ಗಮನ ಎಷ್ಟು ಹರಿಯಬೇಕೆಂಬುದನ್ನು ಹೇಳುತ್ತದೆ. ವರ್ಷವರ್ಷವೂ ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ಕೈಗಳಿಂದ ಬಂದು ಸೇರುವ ಗೊಂಬೆಗಳಿಗೆ ಒಂದೇ ಪ್ರಮಾಣವನ್ನು ವಿಧಿಸುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ.

ಭಾರತೀಯ ಶಿಲ್ಪಶಾಸ್ತ್ರದ ತಾಲಮಾನ ಪದ್ಧತಿಯನ್ನು ಇಲ್ಲಿ ಪರಿಗಣಿಸುವುದು ಉಪಯುಕ್ತ. ಈ ಪದ್ಧತಿಯಲ್ಲಿ 12 ಅಂಗುಲಗಳಿಗೆ ಒಂದು ತಾಲ. ಮುಖದ ಉದ್ದವೇ ತಾಲದ ಅಳತೆ. ನವತಾಲದ ಮೂರ್ತಿಯ ಎತ್ತರ ಅದರ ಮುಖದ ಒಂಬತ್ತರಷ್ಟು. ಇಲ್ಲಿ ಅಂಗುಲವೆಂಬುದು ಹೊರಗಿನ ಯಾವ ಅಳತೆಗೋಲಿಗೂ ಕಟ್ಟುಬಿದ್ದಿಲ್ಲ. ಅದು ಮೂರ್ತಿಯ ಒಳಗಿನಿಂದಲೇ ಹುಟ್ಟುತ್ತದೆ. ಹತ್ತು ಅಡಿಯ ಮೂರ್ತಿಗೂ ಹತ್ತು ಅಂಗುಲದ ಮೂರ್ತಿಗೂ ನಿಯಮ ಒಂದೇ. ಹೀಗೆ 1:12ರ ಕ್ರಮವು ಕಿರುವಸ್ತುವನ್ನು ಸದಾ ಹೊರಗಿನ ಮೂಲವೊಂದಕ್ಕೆ ಹೋಲಿಸಿ ಅಳೆಯುತ್ತದೆ. ತಾಲಮಾನವು ವಸ್ತುವನ್ನು ಅದರೊಳಗಿನ ಸಂಬಂಧಗಳಿಂದಲೇ ಅಳೆಯುತ್ತದೆ. ಈ ದೃಷ್ಟಿಯಲ್ಲಿ ಸಣ್ಣ ಮೂರ್ತಿಯು ದೊಡ್ಡ ಮೂರ್ತಿಯ ನಕಲಾಗದೆ ತಾನೇ ಪೂರ್ಣವಾದದ್ದಾಗುತ್ತದೆ. ದೇವರ ಮೂರ್ತಿಗಳನ್ನೂ ಆಟದ ಗೊಂಬೆಗಳನ್ನೂ ಒಂದೇ ಸಮುದಾಯವು ಮಾಡುವ ಕಡೆ ಕಿರಿದರ ಬಗೆಗಿನ ಈ ಗೌರವವನ್ನು ಮರೆಯಲಾಗದು.

7. ಪದ, ಬೆಲೆ, ಹೆಸರು

ಕಿರುವಸ್ತುಗಳು ಭಾಷೆಯ ಅಧ್ಯಯನಕ್ಕೂ ಮುಖ್ಯ ಆಕರಗಳಾಗಿವೆ. ಒರಳು, ಒನಕೆ, ಬೀಸುಕಲ್ಲು, ಕಡಗೋಲು, ಸೇರು, ಪಾವು, ಚಟಾಕು ಇವು ನಗರದ ಅಡುಗೆಮನೆಗಳಿಂದ ಬಹುಮಟ್ಟಿಗೆ ಹಿಂದೆ ಸರಿದಿವೆ. ಆಟದ ಪೆಟ್ಟಿಗೆಯಲ್ಲಿ, ದಸರೆಯ ಮೆಟ್ಟಿಲಿನ ಮೇಲೆ ಅವು ಇನ್ನೂ ಇವೆ. ದೊಡ್ಡ ವಸ್ತುವನ್ನು ಎಂದೂ ಬಳಸದ ಮಗು ಅದರ ಹೆಸರನ್ನು ಕಿರುವಸ್ತುವಿನ ಮೂಲಕ ಕಲಿಯುತ್ತದೆ. ಮೂಲ ಹೋದ ಮೇಲೂ ಪ್ರತಿರೂಪವು ಪದವನ್ನು ಹಿಡಿದಿಟ್ಟುಕೊಂಡಿರುವ ಸ್ಥಿತಿಯಿದು.

ಈ ಸ್ಥಿತಿ ಕುಶಲಕರ್ಮಿಯ ಮುಂದೆ ಹೊಸ ತೊಡಕನ್ನೂ ಒಡ್ಡುತ್ತದೆ. ಬೀಸುಕಲ್ಲಿನಲ್ಲಿ ರಾಗಿ ಬೀಸಿದ ಮನೆಯಲ್ಲಿ ಬೆಳೆದವನಿಗೆ ಮೇಲಿನ ಕಲ್ಲಿನ ನಡುವಿನ ತೂತು ಕಾಳು ಹಾಕಲು, ಅಂಚಿನ ಗೂಟ ತಿರುಗಿಸಲು ಎಂಬುದು ಗೊತ್ತು. ಏನನ್ನು ಬಿಟ್ಟರೂ ಈ ಎರಡನ್ನು ಬಿಡಬಾರದೆಂದು ಅವನ ಕೈ ಬಲ್ಲದು. ಬೀಸುಕಲ್ಲನ್ನೇ ಕಾಣದ ಮುಂದಿನ ತಲೆಮಾರಿನವನಿಗೆ ಮಾದರಿಯಾಗಿ ಸಿಗುವುದು ಹಿಂದಿನವರು ಮಾಡಿದ ಕಿರುವಸ್ತು ಮಾತ್ರ. ತೂತು ಅವನಿಗೆ ಅಲಂಕಾರದಂತೆ ತೋರಬಹುದು. ಬೇಡಿಕೆ ಹೆಚ್ಚಿದಾಗ ಅದನ್ನು ಕೊರೆಯದೆ ಬಿಡಬಹುದು. ಆಗ ಉಳಿಯುವುದು ಒಂದರ ಮೇಲೊಂದು ಕುಳಿತ ಎರಡು ಬಣ್ಣದ ಬಿಲ್ಲೆ. ಯಾವುದನ್ನು ಉಳಿಸಬೇಕೆಂಬ ತಿಳಿವಳಿಕೆ ಬಳಕೆಯ ಅನುಭವದಿಂದ ಬಂದದ್ದು. ಬಳಕೆ ನಿಂತಾಗ ಆ ತಿಳಿವಳಿಕೆಯೂ ಅಪಾಯಕ್ಕೆ ಸಿಲುಕುತ್ತದೆ.

ಬೆಲೆಯ ವಿಷಯದಲ್ಲಿಯೂ ಕಿರುತನವು ಕುಶಲಕರ್ಮಿಗೆ ತೊಡಕಾಗಿದೆ. ಸಣ್ಣ ಕೊಡಕ್ಕೆ ಮರ ಕಡಿಮೆ, ಅರಗು ಕಡಿಮೆ. ಆದರೆ ಕಡೆಯುವ, ನಯಗೊಳಿಸುವ, ಬಣ್ಣ ಹಚ್ಚುವ, ಹೊಳಪು ಕೊಡುವ, ಕತ್ತರಿಸುವ ಹಂತಗಳ ಸಂಖ್ಯೆ ಕಡಿಮೆಯಾಗುವುದಿಲ್ಲ. ಕೊಳ್ಳುವವನು ಗಾತ್ರವನ್ನು ನೋಡಿ ಬೆಲೆಯನ್ನು ಊಹಿಸುತ್ತಾನೆ. ಮಾಡುವವನಿಗೆ ಹೊತ್ತೇ ಬೆಲೆ. ಈ ಎರಡು ಲೆಕ್ಕಗಳು ಒಂದಕ್ಕೊಂದು ಹೊಂದದಿರುವುದರಿಂದ ಅಚ್ಚಿನಲ್ಲಿ ಸಾವಿರಗಟ್ಟಲೆ ಹೊಯ್ದು ತೆಗೆಯುವ ಪ್ಲಾಸ್ಟಿಕ್ ಪಾತ್ರೆಗಳ ಎದುರು ಕೈಕೆಲಸದ ಕಿರುವಸ್ತು ದುಬಾರಿಯೆನಿಸುತ್ತದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ನೂತನ ಹೆದ್ದಾರಿಯು ಚನ್ನಪಟ್ಟಣ ಪೇಟೆಯನ್ನು ಬಳಸಿಕೊಂಡು ಹೋಗುತ್ತದೆ. ಹಳೆಯ ರಸ್ತೆಯ ಬದಿಯ ಆಟಿಕೆ ಅಂಗಡಿಗಳು ದಾರಿಹೋಕ ಗಿರಾಕಿಗಳನ್ನು ನೆಚ್ಚಿಕೊಂಡಿದ್ದವು. ಹೊಸ ಹೆದ್ದಾರಿಯಿಂದ ಆ ವ್ಯಾಪಾರಕ್ಕೆ ಪೆಟ್ಟು ಬಿದ್ದಿದೆ.

ಕಾನೂನು ಈ ಕಸುಬುಗಳಿಗೆ ಒಂದು ಬಗೆಯ ರಕ್ಷಣೆಯನ್ನು ನೀಡಿದೆ. 1999ರ ಭೌಗೋಳಿಕ ಸೂಚಿಕೆಗಳ ಕಾಯ್ದೆ 2003ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದಿತು. ಚನ್ನಪಟ್ಟಣದ ಆಟಿಕೆಗಳು ಇದರಡಿ ಮಾನ್ಯತೆ ಪಡೆದ ಮೊದಲ ಕೆಲವು ವಸ್ತುಗಳಲ್ಲಿ ಸೇರಿವೆ. ಕಿನ್ನಾಳದ ಆಟಿಕೆಗಳಿಗೂ ಅನಂತರ ಮಾನ್ಯತೆ ದೊರೆಯಿತು. ಆಟಿಕೆಗಳ ಗುಣಮಟ್ಟವನ್ನು ಕಡ್ಡಾಯಗೊಳಿಸಿದ 2020ರ ಆದೇಶವು 2021ರ ಜನವರಿ 1ರಿಂದ ಜಾರಿಯಾದಾಗ, ನೋಂದಾಯಿತ ಕುಶಲಕರ್ಮಿಗಳು ಮಾಡಿ ಮಾರುವ ವಸ್ತುಗಳಿಗೂ ಭೌಗೋಳಿಕ ಸೂಚಿಕೆಯುಳ್ಳ ವಸ್ತುಗಳಿಗೂ ವಿನಾಯಿತಿ ನೀಡಲಾಯಿತು. ಇವು ಸ್ವಾಗತಾರ್ಹ ಕ್ರಮಗಳು.

ಆದರೆ ಭೌಗೋಳಿಕ ಸೂಚಿಕೆ ರಕ್ಷಿಸುವುದು ಊರಿನ ಹೆಸರನ್ನು. ಕಾಯ್ದೆಯ 17ನೆಯ ಕಲಮಿನ ಪ್ರಕಾರ ಉತ್ಪಾದಕನು 'ಅಧಿಕೃತ ಬಳಕೆದಾರ'ನಾಗಿ ನೋಂದಾಯಿಸಿಕೊಳ್ಳಬಹುದು. ಆ ಪರಿಭಾಷೆಯಲ್ಲಿ ಅವನು ಹೆಸರಿನ ಬಳಕೆದಾರ. ರೂಪದ ಕರ್ತೃ ಅಲ್ಲ. ಹೊಸದೊಂದು ಕಿರುವಸ್ತುವನ್ನು ಮೊದಲು ಕಲ್ಪಿಸಿದವನು ಯಾರೆಂಬುದು ಆ ವ್ಯವಸ್ಥೆಯ ಪ್ರಶ್ನೆಯೇ ಆಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯು ಕಲಾತ್ಮಕ ಕುಶಲಕೃತಿಯನ್ನೂ ಕಲಾಕೃತಿಯ ವ್ಯಾಖ್ಯೆಯೊಳಗೆ ಸೇರಿಸಿದೆ. ಆದರೆ ಕರ್ತೃತ್ವವನ್ನು ಸಾಧಿಸಲು ಹೆಸರು, ದಿನಾಂಕ, ಮೊದಲ ರೂಪಗಳ ದಾಖಲೆ ಬೇಕು. ಒಂದೇ ವಸ್ತುವನ್ನು ಹಲವು ಕೈಗಳು ಹಂತಹಂತವಾಗಿ ಮಾಡುವ, ಸಂಜೆಗೆ ಎಣಿಸಿ ಒಪ್ಪಿಸುವ ಕಸುಬಿನಲ್ಲಿ ಇಂತಹ ದಾಖಲೆ ಸುಲಭವಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ಒಡತಿಯ ಹೆಸರು ಉಳಿಯಿತು; ಇಲ್ಲಿ ಊರಿನ ಹೆಸರು ಉಳಿದಿದೆ. ಊರಿನ ಹೆಸರು ಒಡತಿಯ ಹೆಸರಿಗಿಂತ ನ್ಯಾಯವಾದದ್ದು ನಿಜ, ಏಕೆಂದರೆ ಅದು ಸಮುದಾಯದ ತಿಳಿವಳಿಕೆಯನ್ನು ಒಪ್ಪಿಕೊಳ್ಳುತ್ತದೆ. ಆದರೂ ಸಮುದಾಯದೊಳಗಿನ ವ್ಯಕ್ತಿಯ ಕಲ್ಪನೆಗೆ ಅದರಲ್ಲಿ ಜಾಗವಿಲ್ಲ.

8. ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಕಿರುವಸ್ತುವಿನ ರೂಪವನ್ನು ಅದರ ಬಳಕೆಯ ಸಂದರ್ಭ, ದ್ರವ್ಯದ ಗುಣ, ಉಪಕರಣದ ಕಟ್ಟಳೆ ಮತ್ತು ಅಳತೆಯ ಕಲ್ಪನೆ ಎಂಬ ನಾಲ್ಕು ಅಂಶಗಳು ನಿರ್ಧರಿಸುತ್ತವೆ. ಇವುಗಳ ನಡುವೆ ಹೊಂದಾಣಿಕೆ ತರುವ ಕೆಲಸ ಕುಶಲಕರ್ಮಿಯದು. ಚನ್ನಪಟ್ಟಣದ ಕೈ ದುಂಡಿನಲ್ಲಿ ಮನೆಯನ್ನು ಕಾಣುತ್ತದೆ. ಕಿನ್ನಾಳದ ಕೈ ಮೆತ್ತುವ ಹದದಲ್ಲಿ ಕಾಣುತ್ತದೆ. ಎರಡೂ ಮೂಲವನ್ನು ಅನುಸರಿಸುತ್ತಲೇ ಮೂಲದ ಬಗ್ಗೆ ತಮ್ಮ ತೀರ್ಮಾನವನ್ನು ಹೇಳುತ್ತವೆ. ಆದ್ದರಿಂದ ಕಿರುವಸ್ತುವನ್ನು ನಕಲೆಂದು ಕರೆಯುವುದಕ್ಕಿಂತ ವ್ಯಾಖ್ಯಾನವೆಂದು ಕರೆಯುವುದು ಹೆಚ್ಚು ಸಮಂಜಸ.

ಈ ತಿಳಿವಳಿಕೆಯ ಬಹುಪಾಲು ಬರಹದಲ್ಲಿಲ್ಲ, ಕೈಯಲ್ಲಿದೆ, ಕೈಗೆ ಅಂಟಿಕೊಂಡ ಮಾತಿನಲ್ಲಿದೆ. ವೃತ್ತಿಪದಗಳನ್ನು ಸಂಗ್ರಹಿಸುವ ಕೆಲಸಕ್ಕೆ ಕನ್ನಡದಲ್ಲಿ ಪರಂಪರೆಯಿದೆ. ಆ ಸಂಗ್ರಹವು ಉಪಕರಣಗಳ ಹೆಸರುಗಳಿಗೆ ನಿಲ್ಲದೆ, ಹದ, ಬಿಸಿ, ಒತ್ತು, ತಪ್ಪು, ಒಪ್ಪಗಳನ್ನು ಹೇಳುವ ಕ್ರಿಯಾಪದಗಳಿಗೂ ವಿಸ್ತರಿಸಬೇಕು. ಪ್ರತಿ ಪದದೊಂದಿಗೆ ಅದನ್ನು ಹೇಳಿಕೊಟ್ಟವರ ಹೆಸರನ್ನು, ಅವರ ಒಪ್ಪಿಗೆಯಿಂದ, ಕಾಲ-ಸ್ಥಳಗಳ ಸಮೇತ ದಾಖಲಿಸಬೇಕು. ವಸ್ತುಸಂಗ್ರಹಾಲಯಗಳು ಕಿರುವಸ್ತುವಿನ ಕೆಳಗಿನ ಚೀಟಿಯಲ್ಲಿ ಕೊಟ್ಟವರ ಹೆಸರಿನ ಜೊತೆಗೆ ಮಾಡಿದವರ ಹೆಸರಿಗೂ ಒಂದು ಸಾಲನ್ನು ಮೀಸಲಿಡಬೇಕು. ಬೀಸುಕಲ್ಲಿನ ತೂತು ಏಕೆ ಬೇಕೆಂದು ಬಲ್ಲವರು ಇನ್ನೂ ಇರುವಾಗಲೇ ಈ ಕೆಲಸ ನಡೆಯಬೇಕಾಗಿದೆ.